ಕೇಳುವವರಿರುವ ಊರು

ಹೆಗ್ಗಡದೇವನಕೋಟೆಯ ಕಾಲೇಜೊಂದರಲ್ಲಿ ಕೆಲವು ವರ್ಷ ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡಿದೆ. ಒಂದು ದಿನ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯ ಬಗ್ಗೆ ಮಾತಾಡುತ್ತಿದ್ದೆ. ಎಂ.ಎ. ಓದುವಾಗ ಬರೆದುಕೊಂಡಿದ್ದ ನೋಟ್ಸಿನ ಮಾತುಗಳೇ ಬಾಯಿಗೆ ಬರುತ್ತಿದ್ದವು. ಇಲ್ಲಿನ ಕಾಡು ಬರೀ ಕಾಡಲ್ಲ, ಅದೊಂದು ಪ್ರತೀಕ. ಮನುಷ್ಯನ ಒಳಗಿನ ಆದಿಮ ಹಿಂಸೆಯೇ ಹೊರಗೆ ಕಾಡಾಗಿ ನಿಂತಿದೆ, ಹೀಗೆ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು ನಿಂತ. ವರ್ಷವಿಡೀ ಹಾಜರಿ ಕೂಗಿದಾಗ ಬಿಟ್ಟರೆ ಅವನ ದನಿಯನ್ನೇ ನಾನು ಕೇಳಿರಲಿಲ್ಲ.

“ಸಾರ್, ಪುಸ್ತಕದ ಹೆಸರು ಕಾಡು. ಆದ್ರೆ ಕತೆ ಊರವರದು. ಕಾಡಲ್ಲೇ ಇದ್ದೋರ ಕತೆ ಎಲ್ಲೈತೆ?”

ಅವನು ಹಾಡಿಯವನು. ಜೇನುಕುರುಬರ ವಸತಿಗೆ ನಮ್ಮ ಕಡೆ ಹಾಡಿ ಅನ್ನುತ್ತಾರೆ. ಅವನ ಅಜ್ಜ ಅಜ್ಜಿ ಹುಟ್ಟಿದ ಹಾಡಿ ಕಾಡಿನ ಒಳಗಿತ್ತು. ಇವನು ಹುಟ್ಟಿದ್ದು ಕಾಡಿನ ಆಚೆ, ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಲ್ಲಿ. ಕಾದಂಬರಿಗೆ ಅದರದೇ ಆದ ಚೌಕಟ್ಟು ಇರುತ್ತದಪ್ಪ, ಅಂತ ಏನೋ ಹೇಳಿದೆ. ಗಂಟೆ ಹೊಡೆಯಿತು, ನಾನು ಪಾರಾದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಆಮೇಲೆ ‘ಕಾಡು’ ಓದಿದಾಗಲೆಲ್ಲ ಅದು ಪಕ್ಕದಲ್ಲಿ ಕೂತಿರುತ್ತದೆ. ಈ ಬರಹ ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರ, ಅಥವಾ ಉತ್ತರದ ಒಂದು ಪ್ರಯತ್ನ.

ಮೈಸೂರಿನಿಂದ ಪಡುವಣಕ್ಕೆ ಇರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಒಂದೇ ಉಸಿರಿಗೆ ಹೇಳುವುದು ವಾಡಿಕೆ. ಹಾಗೆ ನೋಡಿದರೆ ಅವು ಒಂದರ ಹಾಗೆ ಒಂದಿಲ್ಲ. ಕೃಷ್ಣರಾಜನಗರ ಕಾವೇರಿಯ ನಾಲೆಗಳ ಸೀಮೆ, ಭತ್ತದ ಸೀಮೆ. ಹಳಬರ ಬಾಯಲ್ಲಿ ಅದು ಇನ್ನೂ ಎಡತೊರೆ. ಚುಂಚನಕಟ್ಟೆಯಲ್ಲಿ ಹೊಳೆ ಧುಮುಕುವ ಜಾಗದಲ್ಲೇ ರಾಮನ ಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ. ಹುಣಸೂರಿನದು ಲಕ್ಷ್ಮಣತೀರ್ಥ ಹೊಳೆ. ಅಲ್ಲಿಂದ ಪಿರಿಯಾಪಟ್ಟಣದ ಕಡೆಗೆ ಹೋಗುತ್ತ ಹೊಲಗಳಲ್ಲಿ ತಂಬಾಕು, ಮನೆಗಳ ಪಕ್ಕದಲ್ಲಿ ತಂಬಾಕು ಹದ ಮಾಡುವ ಬ್ಯಾರನ್ನುಗಳು. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟಿನವರು ಊರು ಕಟ್ಟಿಕೊಂಡು ಇದ್ದಾರೆ. ಕೋಟೆಯ ಕಡೆಗೆ ಕಬಿನಿ, ಅದರಾಚೆ ನಾಗರಹೊಳೆ ಮತ್ತು ಬಂಡೀಪುರದ ಕಾಡು.

ನಾನು ನಾಲೆಯ ಸೀಮೆಯವನು. ನಮ್ಮ ಕಡೆಯ ಹಿರಿಯರನ್ನು ‘ಊರಲ್ಲಿ ಏನು ಚೆಂದ?’ ಅಂತ ಕೇಳಿ ನೋಡಿ. ಹಸಿರು, ತಂಗಾಳಿ ಅಂತ ಯಾರೂ ಹೇಳುವುದಿಲ್ಲ. ಹಸಿರು ಇರುವುದು ಇದ್ದೇ ಇದೆ, ಅದನ್ನೇನು ಹೇಳುವುದು. ಅವರು ಹೇಳುವ ಮಾತು ಒಂದೇ: “ನಮ್ಮೂರಲ್ಲಿ ಕೇಳೋರು ಇದ್ದಾರೆ.” ನಾಟಿಗೆ ಆಳು ಸಿಗದಿದ್ದರೆ ಮುಯ್ಯಾಳು ಬರುತ್ತಾರೆ, ನಿನ್ನ ಗದ್ದೆಗೆ ಇವತ್ತು, ನನ್ನ ಗದ್ದೆಗೆ ನಾಳೆ. ನಾಲೆಯ ನೀರು ಕೊನೆಯ ಗದ್ದೆಗೆ ಮುಟ್ಟದಿದ್ದರೆ ನೀರುಗಂಟಿಯನ್ನು ತಡೆದು ನಿಲ್ಲಿಸುವವರಿದ್ದಾರೆ. ಎರಡು ದಿನ ಬಾಗಿಲು ತೆಗೆಯದಿದ್ದರೆ ಯಾಕೆ ಅಂತ ಬಂದು ವಿಚಾರಿಸುವವರಿದ್ದಾರೆ.

ಈ ‘ಕೇಳೋರು’ ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಮುಖ. ಯೋಗಕ್ಷೇಮ ಕೇಳುವವರೂ ಕೇಳುವವರೇ. ‘ಯಾಕಮ್ಮ ಇಷ್ಟು ಹೊತ್ತಾಯ್ತು, ಎಲ್ಲಿಗೆ ಹೋಗಿದ್ದೆ?’ ಅಂತ ತಡೆದು ಕೇಳುವವರೂ ಕೇಳುವವರೇ. ಪ್ರೀತಿಗೂ ಕಾವಲಿಗೂ ನಮ್ಮ ಹಳ್ಳಿಗಳು ಒಂದೇ ಕ್ರಿಯಾಪದ ಇಟ್ಟುಕೊಂಡಿವೆ. ಇನ್ನು, ದಿಕ್ಕಿಲ್ಲದವರನ್ನು, ಯಾರು ಏನು ಮಾಡಿದರೂ ನಡೆಯುತ್ತದೆ ಎನ್ನುವ ಸ್ಥಿತಿಯಲ್ಲಿರುವವರನ್ನು ‘ಹೇಳೋರು ಕೇಳೋರು ಇಲ್ಲದೋರು’ ಅನ್ನುತ್ತೇವೆ. ಈ ಸೀಮೆಯ ಬಗ್ಗೆ ಬಂದಿರುವ ಸಾಹಿತ್ಯವನ್ನು ಈ ಒಂದು ಮಾತನ್ನು ಹಿಡಿದು ಓದಬಹುದು ಅಂತ ನನಗೆ ಅನ್ನಿಸಿದ್ದು ಆ ಹುಡುಗನ ಪ್ರಶ್ನೆಯ ನಂತರ.

ಮೊದಲು ‘ಕಾಡು’. ಆಲನಹಳ್ಳಿಯವರು ಹುಟ್ಟಿದ್ದು 1947ರಲ್ಲಿ, ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಆಲನಹಳ್ಳಿಯಲ್ಲಿ. ‘ಮಣ್ಣಿನ ಹಾಡು’ ಕವಿತೆಗಳ ಮೂಲಕ ಹೆಸರಾಗಿದ್ದ ಅವರ ‘ಕಾಡು’ ಬಂದಾಗ, 1972ರಲ್ಲಿ, ಅವರಿಗೆ ಇಪ್ಪತ್ತೈದರ ಆಸುಪಾಸು. ಮರುವರ್ಷವೇ ಗಿರೀಶ ಕಾರ್ನಾಡರು ಅದನ್ನು ಸಿನಿಮಾ ಮಾಡಿದರು. ಕಮಲಿಯ ಪಾತ್ರಕ್ಕೆ ನಂದಿನಿ ಭಕ್ತವತ್ಸಲ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಿಟ್ಟಿಯಾಗಿದ್ದ ಬಾಲನಟ ನಟರಾಜನಿಗೂ ಬಂತು. ಸಿನಿಮಾ ನೋಡಿದವರಿಗೆ ಕತೆ ನೆನಪಿರುತ್ತದೆ. ಕಾಡಂಚಿನ ಹಳ್ಳಿಯಲ್ಲಿ ಚಂದ್ರೇಗೌಡ ಮತ್ತು ಕಮಲಿಯ ಮನೆ. ಆ ಮನೆಗೆ ಬಂದು ಇರುವ ಪುಟ್ಟ ಹುಡುಗ ಕಿಟ್ಟಿ. ಗೌಡ ರಾತ್ರಿ ಹೊತ್ತು ಎದುರು ಊರಿನ ಬಸಕ್ಕನ ಮನೆಗೆ ಹೋಗುತ್ತಾನೆ. ಎರಡು ಊರುಗಳ ನಡುವೆ ಹಳೆಯ ಹಗೆ. ಗಂಡನನ್ನು ಮರಳಿ ಪಡೆಯಲು ಕಮಲಿ ಮಾಟಮಂತ್ರದವರ ಮೊರೆ ಹೋಗುತ್ತಾಳೆ, ದುರಂತಕ್ಕೆ ಸಿಕ್ಕುತ್ತಾಳೆ. ಊರುಗಳು ಬಡಿದಾಡುತ್ತವೆ, ಪೊಲೀಸರು ಬರುತ್ತಾರೆ. ಇಷ್ಟನ್ನೂ ನಾವು ಕಾಣುವುದು ಪೂರ್ತಿ ಅರ್ಥವಾಗದ ಒಂದು ಮಗುವಿನ ಕಣ್ಣಲ್ಲಿ.

ನವ್ಯದ ಕಾಲದಲ್ಲಿ ನಾವು ಕಲಿತ ವಿಮರ್ಶೆ ಈ ಕಾಡನ್ನು ಮನಸ್ಸಿನ ಕತ್ತಲೆ ಅಂತ ಓದಿತು. ಆ ಓದು ಪೂರಾ ತಪ್ಪೇನಲ್ಲ. ಆದರೆ ಎಚ್.ಡಿ. ಕೋಟೆಯಲ್ಲಿ ಕೂತು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಈ ಕತೆಯ ಹಿಂಸೆ ಹುಟ್ಟುವುದು ಊರಿನಲ್ಲಿ. ಹಗೆ ಇರುವುದು ಊರಿಗೂ ಊರಿಗೂ. ಗೌಡನ ರಾತ್ರಿಯ ಓಡಾಟ ಗುಟ್ಟಾಗಿ ಉಳಿಯುವಂಥದ್ದಲ್ಲ. ಎರಡು ಊರಿನ ಹಗೆಯೊಳಗೆ ಅದೂ ಒಂದು ಎಳೆ. ಕಮಲಿಯ ನೋವು ಕೂಡ ಮುಚ್ಚಿಡಬಹುದಾದ ನೋವಲ್ಲ. ಅಕ್ಕಪಕ್ಕದಲ್ಲಿ ಜನ ಇದ್ದಾರೆ, ನಂಟರಿದ್ದಾರೆ, ಅಂದರೆ ಕೇಳುವವರಿದ್ದಾರೆ. ಆದರೆ ಆ ಕೇಳುವಿಕೆಯ ತಕ್ಕಡಿ ಒಂದು ಕಡೆಗೆ ವಾಲಿದೆ. ಗೌಡನನ್ನು ಎದುರು ನಿಲ್ಲಿಸಿ ಕೇಳುವ ದನಿ ಊರಿಗಿಲ್ಲ. ಕಮಲಿಗೆ ನ್ಯಾಯ ಕೇಳಲು ಮಂತ್ರವಾದಿಯ ದಾರಿಯೊಂದೇ ಉಳಿಯುತ್ತದೆ.

ಒತ್ತಾಗಿ ಬದುಕುವ ಊರಿನ ಬಗ್ಗೆ ನಾವು ಹೊಗಳಿಕೆಯ ಮಾತು ಆಡುವಾಗೆಲ್ಲ ಕಮಲಿಯನ್ನು ನೆನೆಯಬೇಕು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಕಡೆ ಒಬ್ಬಳು ಹೆಂಗಸು ಎಷ್ಟು ಒಂಟಿಯಾಗಬಹುದು ಅನ್ನುವುದನ್ನು ಕನ್ನಡದಲ್ಲಿ ಇಷ್ಟು ಚಿಕ್ಕ ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. ಆದರೂ ಕಾದಂಬರಿ ಆ ಹಳ್ಳಿಯನ್ನು ದ್ವೇಷಿಸುವುದಿಲ್ಲ. ಹೊರಗಿನವನ ಜರಿಯುವಿಕೆ ಅದರಲ್ಲಿಲ್ಲ. ಕಿಟ್ಟಿಯ ಕಣ್ಣಿಗೆ ಕಾಡು ಹೆದರಿಕೆಯೂ ಹೌದು, ಸೆಳೆತವೂ ಹೌದು. ಮಗುವಿನ ಕಣ್ಣನ್ನು ಆಲನಹಳ್ಳಿ ಆರಿಸಿಕೊಂಡದ್ದರ ಗುಟ್ಟು ಇಲ್ಲೇ ಇರಬೇಕು. ಊರಿನ ಲೆಕ್ಕಾಚಾರಕ್ಕೆ ಇನ್ನೂ ಸೇರದವನಿಗೆ ಮಾತ್ರ ಆ ಊರಿನ ಚೆಂದವನ್ನೂ ಕ್ರೌರ್ಯವನ್ನೂ ಒಂದೇ ನೋಟದಲ್ಲಿ ಕಾಣಲು ಸಾಧ್ಯ. ದೊಡ್ಡವರು ಎರಡರಲ್ಲಿ ಒಂದನ್ನು ಮರೆತು ಬದುಕುತ್ತಾರೆ.

ಇದೇ ಮಾತನ್ನು ಆಲನಹಳ್ಳಿ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಇನ್ನೊಂದು ತುದಿಯಿಂದ ಹೇಳಿದರು. ಊರೂರು ಅಲೆದು ಸಾಮಾನು ಮಾರುವ ತಿಮ್ಮ. ಪೇಟೆಯ ರೀತಿಗಳನ್ನು ಕಂಡ ಅವನ ಹೆಂಡತಿ ಮರಂಕಿ. ಅವರ ಮೂಲಕ ಗವ್ವಳ್ಳಿಗೆ ಬರುವ ಹೊಸ ಆಸೆಗಳು, ಹೊಸ ಸರಕುಗಳು. ಓದುತ್ತ ನಗು ಬರುತ್ತದೆ. ಆದರೆ ಊರು ತನ್ನೊಳಗಿನ ಬದಲಾವಣೆಗೆ ಒಬ್ಬನನ್ನು ಹೊಣೆ ಮಾಡಲು ಎಷ್ಟು ಬೇಗ ಒಂದಾಗುತ್ತದೆ ಅನ್ನುವುದು ಕಂಡಾಗ ನಗು ನಿಲ್ಲುತ್ತದೆ. ಕಷ್ಟಕ್ಕೆ ಒಂದಾಗುವ ಊರು ಒಬ್ಬನನ್ನು ಹೊರಗೆ ನೂಕಲೂ ಅಷ್ಟೇ ಸಲೀಸಾಗಿ ಒಂದಾಗುತ್ತದೆ. ಊರಿನವನೇ ಬರೆದ ಕಾರಣ ಈ ಮಾತಿನಲ್ಲಿ ದೂರು ಇಲ್ಲ, ಸಂಕಟ ಇದೆ.

ಇಷ್ಟಾಗಿಯೂ ಆ ಹುಡುಗ ಹೇಳಿದ್ದು ನಿಜ. ಇವು ಊರವರ ಕತೆಗಳು. ಗೌಡರ ಮನೆಯ, ಹಟ್ಟಿಯ, ಸಂತೆಯ ಕತೆಗಳು. ಹಾಡಿ ಇಲ್ಲಿ ಕತೆಯ ನಡುಮನೆಗೆ ಬರುವುದಿಲ್ಲ. ಹಾಡಿಯವರನ್ನು ನಡುಮನೆಗೆ ಕರೆದ ಕೃತಿ ಅದಕ್ಕಿಂತ ಹಳೆಯದು. ಸ್ವಾತಂತ್ರ್ಯಕ್ಕೆ ಮೊದಲೇ ಮಾಸ್ತಿಯವರು ಬರೆದ ನಾಟಕ ‘ಕಾಕನಕೋಟೆ’.

ಕಾಕನಕೋಟೆ ಎಚ್.ಡಿ. ಕೋಟೆಯ ಕಾಡು, ಆನೆ ಹಿಡಿಯುವ ಖೆಡ್ಡಾಗಳಿಂದಾಗಿ ಆ ಹೆಸರು ಹೊರದೇಶಗಳಲ್ಲೂ ಗೊತ್ತಿತ್ತು. ನಾಟಕದ ಕಾಲ ರಣಧೀರ ಕಂಠೀರವ ನರಸರಾಜ ಒಡೆಯರದು, ಅಂದರೆ ಹದಿನೇಳನೆಯ ಶತಮಾನದ ನಡುಭಾಗ. ಕಾಡಿನ ಕುರುಬರ ಮೇಲೆ ಸ್ಥಳೀಯ ಹೆಗ್ಗಡೆ ತೆರಿಗೆಯ ಹೆಸರಲ್ಲಿ ನಡೆಸುವ ದಬ್ಬಾಳಿಕೆ, ಅದರ ವಿರುದ್ಧ ಅವರ ಗಟ್ಟಿತನ, ಮೈಸೂರಿನ ದೊರೆಯ ಜೊತೆ ಬೆಳೆಯುವ ನಂಟು: ಇದು ಅದರ ಹಂದರ. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಸಿ. ಅಶ್ವತ್ಥರ ಸಂಗೀತದ ಅದರ ಹಾಡುಗಳನ್ನು ಇವತ್ತಿಗೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಸೊಪ್ಪು ಕಟ್ಟಿಕೊಂಡ ಮಕ್ಕಳು ಕುಣಿಯುತ್ತವೆ.

ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಸಿವಿಲ್ ಸರ್ವಿಸಿಗೆ ಸೇರಿ ಜಿಲ್ಲೆಗಳನ್ನು ತಿರುಗಿದವರು. ಒಳ್ಳೆಯ ಅಧಿಕಾರಿಯ ಕಣ್ಣಿಗೆ ಕಾಣುವುದೆಲ್ಲ ಈ ನಾಟಕದಲ್ಲಿ ಇದೆ. ಕಾಡಿನವರ ಮಾತಿನ ನೇರ, ಕೊಟ್ಟ ಮಾತಿಗೆ ತಪ್ಪದ ನಿಷ್ಠೆ, ಹಾಡು ಕುಣಿತ, ಒಬ್ಬರಿಗೊಬ್ಬರು ಆಗುವ ಗುಣ. ಆ ಕಾಲದಲ್ಲಿ ಕಾಡುಕುರುಬರನ್ನು ನಾಯಕರಾಗಿ ರಂಗದ ಮೇಲೆ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಆದರೆ ಒಳ್ಳೆಯ ಅಧಿಕಾರಿಯ ಕಣ್ಣಿಗೆ ಕಾಣದ್ದೂ ಒಂದಿದೆ. ಅವನ ಲೆಕ್ಕದಲ್ಲಿ ಕೆಡುಕು ಯಾವಾಗಲೂ ನಡುವಿನವನದು. ಹೆಗ್ಗಡೆ ಕೆಟ್ಟವನು, ದೊರೆ ಒಳ್ಳೆಯವನು. ದೊರೆಯ ಕಿವಿಗೆ ದೂರು ಮುಟ್ಟಿದರೆ ನ್ಯಾಯ ಸಿಗುತ್ತದೆ. ಇಲ್ಲಿ ಕೇಳುವವನು ಮೇಲಿನವನು. ಕಾಡು ಯಾರದು, ತೆರಿಗೆ ಹಾಕಲು ನೀವು ಯಾರು ಎಂಬ ಪ್ರಶ್ನೆಯನ್ನು ಕಾಡಿನವರೇ ದೊರೆಗೆ ಕೇಳಿದ್ದರೆ ನಾಟಕ ಬೇರೆ ಆಗುತ್ತಿತ್ತು. ಆ ಪ್ರಶ್ನೆಗೆ ನಾಟಕದ ಸೌಹಾರ್ದದಲ್ಲಿ ಜಾಗವಿಲ್ಲ.

ಆದ್ದರಿಂದ ಒಂದು ವಿಚಿತ್ರ ಸ್ಥಿತಿ ನಮ್ಮೆದುರು ಇದೆ. ಒಳಗಿನವನು ಬರೆದ ‘ಕಾಡು’ವಿನಲ್ಲಿ ಬದುಕಿನ ಸತ್ಯವಿದೆ, ಹಾಡಿ ಇಲ್ಲ. ಹೊರಗಿನವರು ಬರೆದ ‘ಕಾಕನಕೋಟೆ’ಯಲ್ಲಿ ಹಾಡಿ ಇದೆ, ಅದು ಹಬ್ಬದ ಬಟ್ಟೆ ಉಟ್ಟ ಹಾಡಿ. ಅಲ್ಲಿ ಕಮಲಿಯಂಥ ಒಬ್ಬಳು ಇರಲು ಸಾಧ್ಯವೇ ಅಂತ ನಾನು ಕೇಳಿಕೊಂಡಿದ್ದೇನೆ. ಹೆಣ್ಣು ಅಳುವ, ಅಣ್ಣತಮ್ಮ ಮುನಿಸಿಕೊಳ್ಳುವ, ಕುಡಿದು ಬಿದ್ದವನನ್ನು ಮನೆಗೆ ಹೊತ್ತು ತರುವ ಸಾಮಾನ್ಯ ದಿನಗಳು ಹಾಡಿಗೂ ಇರುತ್ತವೆ. ಆ ಸಾಮಾನ್ಯ ದಿನಗಳನ್ನು ಒಪ್ಪಿಕೊಳ್ಳದ ಹೊಗಳಿಕೆ ಒಂದು ಜನವನ್ನು ಗೊಂಬೆಯಾಗಿಸುತ್ತದೆ.

ಈಗ ‘ಕಾಡು’ ಬಂದ ಕಾಲವನ್ನು ಸ್ವಲ್ಪ ನೋಡಬೇಕು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ಕಾದಂಬರಿ ಬಂತು. ಅದೇ ವರ್ಷ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. 1973ರಲ್ಲಿ ಸಿನಿಮಾ, ಅದೇ ವರ್ಷ ಪಕ್ಕದ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಡಿನ ಒಂದು ದೊಡ್ಡ ಪಾಲು, ಅದರ ಜೊತೆಗೆ ಊರುಗಳು, ಹಿನ್ನೀರಿನ ಕೆಳಗೆ ಹೋದವು. ಅದೇ 1974ರಲ್ಲಿ, ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂತು. ಈ ಸೀಮೆಯ ಎಷ್ಟೋ ಗೇಣಿದಾರರ ಮನೆಯಲ್ಲಿ ಅರಸರ ಫೋಟೋ ಇರುವುದು ಸುಮ್ಮನೆ ಅಲ್ಲ.

ಆದರೆ ಉಳದವನ ಗತಿ? ಜೇನುಕುರುಬರ ಬದುಕು ನೇಗಿಲಿನ ಮೇಲೆ ನಿಂತದ್ದಲ್ಲ. ಜೇನು ಇಳಿಸುವುದು, ಗೆಣಸು ಅಗೆಯುವುದು, ಸೀಗೆ, ಅಂಟುವಾಳ, ನೆಲ್ಲಿಕಾಯಿ, ಮರದ ಪಾಚಿ ಆಯುವುದು, ಆನೆ ಪಳಗಿಸುವುದು. ಉತ್ತ ನೆಲಕ್ಕೆ ಗುರುತು ಇರುತ್ತದೆ, ಬದು ಇರುತ್ತದೆ, ಗೇಣಿಯ ಲೆಕ್ಕ ಇರುತ್ತದೆ. ಅಗೆದ ಗೆಣಸಿನ ಗುಂಡಿ ಒಂದು ಮಳೆಗೆ ಮುಚ್ಚಿಹೋಗುತ್ತದೆ. ನೆಲವನ್ನು ಗಾಯ ಮಾಡದೆ ಬದುಕಿದವರಿಗೆ ಆ ನೆಲದಲ್ಲಿ ಬದುಕಿದ್ದೆವು ಅನ್ನುವುದಕ್ಕೆ ಸಾಕ್ಷಿಯೇ ಇಲ್ಲದಂತಾಯಿತು. ನಮ್ಮ ಕಾಲದ ಅತ್ಯಂತ ನ್ಯಾಯವಂತ ಕಾನೂನುಗಳಲ್ಲಿ ಒಂದು ಅವರನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಯಿತು.

ಮುಂದಿನದು ದಾಖಲಾಗಿರುವ ಚರಿತ್ರೆ. ನಾಗರಹೊಳೆ 1955ರಲ್ಲೇ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ. ಹಾಡಿಗಳನ್ನು ಹಂತಹಂತವಾಗಿ ಹೊರಗೆ ತಂದರು. ಜನ ಇರಬಾರದು ಅಂದ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಸಂಸ್ಥೆಯೊಂದರ ರೆಸಾರ್ಟು ಏಳಲು ಹೊರಟಾಗ ಆದಿವಾಸಿ ಸಂಘಟನೆಗಳು ಹೈಕೋರ್ಟಿಗೆ ಹೋದವು; 1997ರಲ್ಲಿ ತೀರ್ಪು ಅವರ ಪರವಾಯಿತು, ರೆಸಾರ್ಟು ನಿಂತಿತು. ಒಕ್ಕಲೆಬ್ಬಿಸಿದವರ ಸ್ಥಿತಿಯನ್ನು ಪರಿಶೀಲಿಸಲು ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ, ನೆಲೆ ಕಳೆದುಕೊಂಡ ಕುಟುಂಬಗಳ ಸಂಖ್ಯೆಯನ್ನು 3,418 ಎಂದು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಒಂದು ಹೊಸ ಅಧಿಕಾರ ಕೊಟ್ಟಿದೆ. ಸರಳವಾಗಿ ಹೇಳುವುದಾದರೆ, ಇನ್ನು ಮೇಲೆ ಇವರನ್ನು ಕೇಳಬೇಕು. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕೊಡಗಿನ ಭಾಗದಲ್ಲಿರುವ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ದಶಕಗಳ ಹಿಂದೆ ಬಿಟ್ಟ ತಮ್ಮ ಜಾಗಕ್ಕೆ, ಮರಳಿ ಹೋಗಿ ಗುಡಿಸಲು ಹಾಕಲು ಕೂತವು.

ಆ ದಿನಗಳಲ್ಲಿ ಅವರ ಬೇಡಿಕೆಯ ಮಾತುಗಳನ್ನು ಓದುತ್ತ ನನಗೆ ಅನ್ನಿಸಿದ್ದು, ಇದೂ ಒಂದು ಸಾಹಿತ್ಯ ಎಂದು. ನಮ್ಮ ದೇವರು ಅಲ್ಲಿದೆ, ನಮ್ಮ ಹಿರಿಯರನ್ನು ಅಲ್ಲಿ ಮಣ್ಣು ಮಾಡಿದ್ದೇವೆ, ಅವರು ಅಲ್ಲೇ ಇದ್ದಾರೆ ಅನ್ನುವ ಅರ್ಥದ ಮಾತುಗಳು. ಕಾಡು ಚೆಂದ ಅನ್ನುವ ಒಂದು ಮಾತೂ ಅದರಲ್ಲಿ ಬೇಕಾಗಿರಲಿಲ್ಲ. ಕೃಷ್ಣರಾಜನಗರದ ನಮ್ಮ ಹಿರಿಯರು ಹೇಳುವ ‘ಕೇಳೋರು ಇದ್ದಾರೆ’ ಮತ್ತು ಹಾಡಿಯವರು ಹೇಳುವ ಈ ಮಾತು ಒಂದೇ ಬೇರಿನವು. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಕೇಳುವವರು ಬದುಕಿರುವ ನೆರೆಯವರು. ಅಲ್ಲಿ ಆ ಪಟ್ಟಿಯಲ್ಲಿ ಸತ್ತ ಹಿರಿಯರು, ಹುತ್ತ, ಮರ, ಜೇನು ಕೂಡ ಸೇರುತ್ತವೆ. ಹೆಜ್ಜೇನು ಇಳಿಸುವವರು ಜೇನಿಗೆ ಹಾಡು ಹೇಳುತ್ತಾರೆ. ಕೇಳಿ ತೆಗೆದುಕೊಳ್ಳುವ ರೀತಿ ಅದು. ಕೇಳದೆ ತೆಗೆದರೆ ಕಳವು.

ಈ ಮಾತನ್ನು ಹಾಡಿಯ ಬಗ್ಗೆ ಇನ್ನೊಂದು ಹೊಗಳಿಕೆಯಾಗಿಸಲು ನನಗೆ ಇಷ್ಟವಿಲ್ಲ. ಮಾಸ್ತಿಯವರ ಮೇಲೆ ಹೊರಿಸಿದ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ. ಹಾಡಿಯ ಬದುಕಿನಲ್ಲಿ ಹಸಿವಿತ್ತು, ಕಾಯಿಲೆಗೆ ಆಸ್ಪತ್ರೆ ದೂರವಿತ್ತು, ಆನೆಯ ಭಯವಿತ್ತು. ಹೊರಗೆ ಬಂದ ಮನೆಗಳಲ್ಲಿ ಮಕ್ಕಳಿಗೆ ಶಾಲೆ ಹತ್ತಿರವಾದದ್ದೂ ಉಂಟು. ಆ ಹುಡುಗ ನನ್ನ ತರಗತಿಯಲ್ಲಿ ಕೂತು ನನ್ನನ್ನೇ ಪ್ರಶ್ನೆ ಕೇಳಿದ್ದು ಆ ಶಾಲೆಯಿಂದಾಗಿ. ಹೊರಗೆ ಬರಲು ತಾವೇ ಒಪ್ಪಿದವರೂ ಇದ್ದಾರೆ. ತಕರಾರು ಇರುವುದು ಯಾವುದು ಒಳ್ಳೆಯ ಬದುಕು ಅನ್ನುವುದರಲ್ಲಲ್ಲ; ಅದನ್ನು ಯಾರು ಯಾರನ್ನು ಕೇಳಿ ತೀರ್ಮಾನಿಸಿದರು ಅನ್ನುವುದರಲ್ಲಿ.

ನಾಲೆಯ ಸೀಮೆಯವರು, ತಂಬಾಕಿನ ಸೀಮೆಯವರು ಈ ಲೆಕ್ಕದಿಂದ ಹೊರಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ತಂಬಾಕು ಬೇಯಿಸುವ ರಾತ್ರಿಗಳು ನನಗೆ ಇಷ್ಟ. ಬ್ಯಾರನ್ನಿನ ಬೆಂಕಿ ಆರಬಾರದು, ಶಾಖ ಏರುಪೇರಾಗಬಾರದು ಅಂತ ಮನೆಯವರು ಸರದಿಯ ಮೇಲೆ ಎದ್ದಿರುತ್ತಾರೆ. ಪಕ್ಕದ ಮನೆಯವರು ಬಂದು ಕೂರುತ್ತಾರೆ, ಹರಟೆ ಬೆಳೆಯುತ್ತದೆ. ಊರಿನ ಅರ್ಧ ಕತೆಗಳು ಅಲ್ಲೇ ಹುಟ್ಟುತ್ತವೆ. ನೆರೆಹೊರೆಯ ಸುಖ ಅಂದರೆ ಇದೇ. ಆದರೆ ಆ ಬೆಂಕಿಗೆ ಹಾಕುವ ಸೌದೆ ಯಾವುದೋ ತೋಪಿನಿಂದ, ಯಾವುದೋ ಗುಡ್ಡದಿಂದ, ಯಾವುದೋ ಕಾಡಿನಿಂದ ಬಂದಿರುತ್ತದೆ. ನಮ್ಮ ಒಗ್ಗಟ್ಟಿನ ಬೆಚ್ಚನೆಯ ರಾತ್ರಿ ಎಲ್ಲೋ ಒಂದು ಮರದ ಲೆಕ್ಕ. ಇದನ್ನು ಬರೆದ ಕಾದಂಬರಿ ನಾನಿನ್ನೂ ಓದಿಲ್ಲ. ಯಾರಾದರೂ ಬರೆಯಲಿ ಅಂತ ಕಾಯುತ್ತಿದ್ದೇನೆ.

ಇತ್ತೀಚೆಗೆ ಪರಿಸರ ಸಾಹಿತ್ಯ ಅನ್ನುವ ಹೆಸರಲ್ಲಿ ಬಹಳ ಬರಹಗಳು ಬರುತ್ತಿವೆ. ವಾರಾಂತ್ಯಕ್ಕೆ ಕಬಿನಿ ಹಿನ್ನೀರಿಗೆ ಹೋಗಿ ಬಂದವರ ಲೇಖನಗಳು, ಪ್ರಕೃತಿಯ ಮಡಿಲಲ್ಲಿ ಮನೆ ಕಟ್ಟಿಕೊಂಡವರ ಅನುಭವಗಳು. ನಾನು ಅವನ್ನು ತಾತ್ಸಾರದಿಂದ ನೋಡುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಹೊರಬಿದ್ದ ನೆಲದಲ್ಲಿ ಎಳೆಹುಲ್ಲು ಎದ್ದು, ಆನೆಗಳು ಹಿಂಡುಹಿಂಡಾಗಿ ಬಂದು ಮೇಯುವುದನ್ನು ಕಂಡವರಿಗೆ ಬರೆಯಬೇಕು ಅನ್ನಿಸುವುದು ಸಹಜ. ಆದರೆ ಆ ಹುಲ್ಲು ಎದ್ದಿರುವ ನೆಲ 1974ಕ್ಕೆ ಮೊದಲು ಏನಾಗಿತ್ತು ಅನ್ನುವ ಪ್ರಶ್ನೆ ಬರಹದಲ್ಲಿ ಒಂದು ಸಾಲಿನಲ್ಲಾದರೂ ಬರಬೇಕಲ್ಲ. ಅಲ್ಲಿ ಕಾಡಿತ್ತು, ಗುಡಿಯಿತ್ತು, ಊರಿತ್ತು. ಆ ಊರಿನಲ್ಲಿ ಕೇಳುವವರು ಇದ್ದರು. ಅದನ್ನು ಬಿಟ್ಟು ಬರೆದ ಪ್ರಕೃತಿ ಪ್ರೇಮ, ಕುರುಬರನ್ನು ತೆಗೆದುಹಾಕಿದ ‘ಕಾಕನಕೋಟೆ’ಯ ಹಾಗೆ, ರಂಗಸಜ್ಜಿಕೆ ಚೆನ್ನಾಗಿದೆ, ನಾಟಕ ಇಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಒಂದು ಊರನ್ನು, ಒಂದು ಕಾಡನ್ನು ಪ್ರೀತಿಯಿಂದ ಬರೆದ ಕೃತಿ ಕೈಗೆ ಸಿಕ್ಕಾಗ ವರ್ಣನೆ ಎಷ್ಟು ಚೆನ್ನಾಗಿದೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಈ ಊರಿನಲ್ಲಿ ಯಾರನ್ನು ಯಾರು ಕೇಳುತ್ತಾರೆ ಅಂತ ನೋಡಿ. ಯಾರ ಕಷ್ಟವನ್ನು ಕೇಳುತ್ತಾರೆ, ಯಾರ ನಡತೆಯನ್ನು ಕೇಳುತ್ತಾರೆ, ಯಾರನ್ನು ಕೇಳದೆಯೇ ತೀರ್ಮಾನ ಮಾಡುತ್ತಾರೆ. ‘ಕಾಡು’ ಮೊದಲ ಎರಡು ಪ್ರಶ್ನೆಗಳಿಗೆ ಕೊಡುವಷ್ಟು ಪ್ರಾಮಾಣಿಕ ಉತ್ತರವನ್ನು ಕನ್ನಡದ ಕೆಲವೇ ಕಾದಂಬರಿಗಳು ಕೊಟ್ಟಿವೆ. ಮೂರನೆಯದಕ್ಕೆ ಅದು ಉತ್ತರ ಕೊಡುವುದಿಲ್ಲ. ಅದನ್ನು ಆಲನಹಳ್ಳಿಯವರ ಕೊರತೆ ಅಂತ ನಾನು ಹೇಳಲಾರೆ. ಅವರು ತಮಗೆ ಗೊತ್ತಿದ್ದ ಮನೆಯ ಕತೆಯನ್ನು ಸುಳ್ಳಿಲ್ಲದೆ ಬರೆದರು. 1989ರಲ್ಲಿ, ನಲವತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಉಳಿದ ಕತೆ ಅವರದಲ್ಲ.

ಅದು ಬಹುಶಃ ಆ ಹುಡುಗನದು. ಆವತ್ತು ನಾನು ಅವನಿಗೆ ಕಾದಂಬರಿಯ ಚೌಕಟ್ಟಿನ ಬಗ್ಗೆ ಹೇಳುವ ಬದಲು ‘ನಿಮ್ಮೋರ ಕತೆ ಹೆಂಗಿತ್ತು, ಹೇಳು ನೋಡೋಣ’ ಅಂತ ಕೇಳಬೇಕಿತ್ತು. ಹತ್ತು ನಿಮಿಷ ಹೋಗುತ್ತಿತ್ತು, ಅಷ್ಟೆ. ಪಾಠ ಮಾಡುವ ಗಡಿಬಿಡಿಯಲ್ಲಿ ನಾನೂ ಕೇಳಲಿಲ್ಲ.